ತೊಳೆಯದ ಸಿರಿಂಜು

ಹೋದ ತಿಂಗಳು ನನ್ನ ಸಕ್ಕರೆ ಕಾಯಿಲೆಗೆ ಡಾಕ್ಟರು ಹೊಸ ಇಂಜೆಕ್ಷನ್ ಬರೆದುಕೊಟ್ಟರು. ವಾರಕ್ಕೊಮ್ಮೆ ಹೊಟ್ಟೆಯ ಚರ್ಮಕ್ಕೆ ನಾವೇ ಚುಚ್ಚಿಕೊಳ್ಳುವಂಥದ್ದು. ಮಧುಗಿರಿಗೆ ಹೊಸದಾಗಿ ಬಂದಿರುವ ಡಾಕ್ಟರು, ಅರ್ಧ ತಲೆ ನರೆತಿದೆ, ಮಾತು ಮೃದು. ಚೀಟಿ ಬರೆಯುತ್ತಾ ವಿವರಿಸಿದರು.

"ಇದು ಇನ್ಸುಲಿನ್ ಅಲ್ಲಮ್ಮ. ನಮ್ಮ ಕರುಳಲ್ಲಿ ಒಂದು ಪೆಪ್ಟೈಡ್ ಹುಟ್ಟುತ್ತೆ, ಇದು ಅದರ ನಕಲು. ಊಟ ಬಂತು ಅಂತ ಅದು ಮೇದೋಜೀರಕ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತೆ. ಆಗ ಅಲ್ಲಿರೋ ಕೋಶಗಳು ಇನ್ಸುಲಿನ್ ಬಿಡ್ತವೆ. ಹೋಗಲಿ ಬಿಡಿ, ಅದೆಲ್ಲ ನಿಮಗ್ಯಾಕೆ."

ನಿಮಗ್ಯಾಕೆ ಅಂದದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು. ಆ ಡಾಕ್ಟರು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲಕ್ಕೇ ನಾನು ಈ ಪೆಪ್ಟೈಡುಗಳ ಹಿಂದೆ ಬಿದ್ದವಳು. ಹೇಳೋಣವೆಂದು ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ನೆನಪಿಗೆ ಬಂದದ್ದು ನನ್ನ ಕೆಲಸವಲ್ಲ, ಅವಳು. ಪೆಪ್ಟೈಡ್ ಅಂದರೆ ಅವಳು, ಕುರಿ ಅಂದರೆ ಅವಳು, ಈಗ ನನ್ನ ಕಾಯಿಲೆಯ ಔಷಧಿ ಅಂದರೂ ಅವಳೇ. ಬಾಯಿ ಮುಚ್ಚಿಕೊಂಡು ಚೀಟಿ ಇಸಿದುಕೊಂಡು ಬಂದೆ.

ಅವಳು ತೀರಿಕೊಂಡು ಕೆಲವು ವರ್ಷಗಳಾದವು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎನ್ನುತ್ತಾರೆ. ಹಾಗೆನ್ನುವವರಿಗೆ ಅವಳ ಪರಿಚಯ ಇದ್ದಿರಲಾರದು.

ಎಪ್ಪತ್ತರ ದಶಕದ ನಡುಭಾಗ. ನಾನು ಮಧುಗಿರಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕಿ. ಇಡೀ ಸ್ಟಾಫ್‌ರೂಮಿಗೆ ನಾನೊಬ್ಬಳೇ ಹೆಂಗಸು. ಕಿಟಕಿ ಪಕ್ಕದ ಕುರ್ಚಿ ನನ್ನದು, ಪ್ರಿನ್ಸಿಪಾಲರು ನನ್ನನ್ನು ಕೇಳದೆ ಟೈಂಟೇಬಲ್ ಹಾಕುತ್ತಿರಲಿಲ್ಲ. ಒಂದು ವರ್ಷ ಹೀಗೆ ರಾಣಿಯ ಹಾಗಿದ್ದೆ. ಆಮೇಲೆ ಒಂದು ಸೋಮವಾರ ಇವಳು ಬಂದಳು. ಒಂದು ಕೈಯಲ್ಲಿ ತಗಡಿನ ಟ್ರಂಕು, ಕಂಕುಳಲ್ಲಿ ಸುರುಳಿ ಸುತ್ತಿದ ಕರಿ ಕಂಬಳಿ. ಶಿರಾ ತಾಲ್ಲೂಕಿನ ಕುರಿ ಕಾಯುವ ಮನೆಯವಳು. ಪಟ್ಟನಾಯಕನಹಳ್ಳಿಯಿಂದಾಚೆ ಅವರ ಹಟ್ಟಿ. ಆ ಹಟ್ಟಿಯಲ್ಲಿ ಎಂ.ಎಸ್ಸಿ. ಮಾಡಿದವಳು ಇವಳೊಬ್ಬಳೇ. ಮೂರನೇ ದಿನಕ್ಕೆ ಸ್ಟಾಫ್‌ರೂಮಿನ ಗಂಡಸರೆಲ್ಲ ತಮ್ಮ ಕುರ್ಚಿ ಅವಳ ಕಡೆ ತಿರುಗಿಸಿಕೊಂಡು ಕೂತಿದ್ದರು. ನನ್ನ ಕಿಟಕಿ ನನಗೇ ಉಳಿಯಿತು.

ಅವಳು ಚೆಲುವೆಯೇನಲ್ಲ. ಅದನ್ನಾದರೂ ನಾನು ಹೇಳಲೇಬೇಕು. ಎತ್ತರ, ಒರಟು ಕೂದಲು, ದೊಡ್ಡ ಕೈ. ಬೆರಳುಗಳು ಸದಾ ಹಳದಿ. ಪ್ರಾಣಿಗಳ ಅಂಗ ಕೆಡದಂತೆ ಇಡುವ ಹಳದಿ ದ್ರಾವಣವೊಂದಿದೆ, ಕೈಗೆ ತಗುಲಿದರೆ ವಾರಗಟ್ಟಲೆ ಹೋಗುವುದಿಲ್ಲ. ನಾನು ಇಕ್ಕಳದಲ್ಲಿ ಹಿಡಿಯುತ್ತಿದ್ದೆ, ಅವಳು ಬರಿಗೈ ಅದ್ದುತ್ತಿದ್ದಳು. ನಾವಿಬ್ಬರೂ ಬಾಡಿಗೆಗಿದ್ದ ಮನೆಯ ಒಡತಿ ಒಮ್ಮೆ ಅವಳ ಕೈ ನೋಡಿ ಕೇಳಿದರು:

"ಯಾರ್ ಮನೆ ಮದ್ವೆಗೆ ಅರಿಶಿನ ಕುಟ್ಟಿದ್ಯೇ ತಾಯಿ?"

"ಕುರಿ ಮದ್ವೆ ಕಣಮ್ಮ," ಅಂದಳು ಇವಳು. "ಗಂಡಿನ್ ಕಡೆಯೋರು ನಾವೇಯ."

ಒಡತಿ ನಕ್ಕು ನಕ್ಕು ಸುಸ್ತಾಗಿ ಅವಳಿಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು. ಆ ಮನೆಯಲ್ಲಿ ನಾನು ಒಂದು ವರ್ಷದಿಂದ ಇದ್ದೆ, ಬಾಡಿಗೆ ಒಂದನೇ ತಾರೀಖಿಗೇ ಕೊಡುತ್ತಿದ್ದೆ. ನನಗೆ ಒಂದು ದಿನವೂ ಮಜ್ಜಿಗೆ ಬಂದಿರಲಿಲ್ಲ.

ಹುಡುಗರು ಅವಳಿಗೆ ಕುರಿ ಮೇಡಂ ಎಂದು ಹೆಸರಿಟ್ಟರು. ನನಗೆ ಸೋಪಿನ ಮೇಡಂ. ಪ್ರಾಕ್ಟಿಕಲ್ ಮುಗಿದ ಮೇಲೆ ಗಾಜಿನ ಸಾಮಾನೆಲ್ಲ ಮೂರು ನೀರಿನಲ್ಲಿ ತೊಳೆಸುತ್ತಿದ್ದೆ ಎಂಬುದಕ್ಕೆ ಈ ಬಿರುದು. ಎರಡು ಹೆಸರನ್ನೂ ಒಂದೇ ಬಾಯಿ ಹೇಳುತ್ತಿತ್ತು, ಆದರೆ ಒಂದನ್ನು ಹೇಳುವಾಗ ಪ್ರೀತಿ ಇರುತ್ತಿತ್ತು.

ಅವಳು ಪಾಠ ಮಾಡುತ್ತಿದ್ದುದನ್ನು ಬಾಗಿಲ ಹೊರಗೆ ನಿಂತು ಕೇಳಿದ್ದೇನೆ. ಕದ್ದು ಕೇಳಿದೆ ಎನ್ನಿ, ಅಡ್ಡಿಯಿಲ್ಲ. ಶಿರಾದ ಕಸಾಯಿ ಅಂಗಡಿಯವರಿಗೆ ಅವಳೆಂದರೆ ಅಕ್ಕರೆ. "ಏ, ಮೇಡಂ ಕಾ ಮಾಲ್ ಅಲಗ್ ರಖ್!" ಎಂದು ಒಳಗೆ ಕೂಗಿ ಹೇಳಿ, ಕುರಿಯ ಮೇದೋಜೀರಕ ಗ್ರಂಥಿಯನ್ನು ಬೇರೆಯಾಗಿ ತೆಗೆದಿಟ್ಟಿರುತ್ತಿದ್ದರು. ಅವಳು ಅದನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಮಧುಗಿರಿಗೆ ತರುತ್ತಿದ್ದಳು. ತರಗತಿಯಲ್ಲಿ ಅದನ್ನು ಅಂಗೈ ಮೇಲೆ ಹಾಸಿಕೊಂಡು ಶುರುಮಾಡುವಳು:

"ನೋಡ್ರಪ್ಪ, ಹೊಟ್ಟೆ ಹಿಂದ್ಗಡೆ ಇದು ಸುಮ್ನೆ ಮಲ್ಗಿರ್ತದೆ. ಇದರೊಳಗೆ ಅಲ್ಲಲ್ಲಿ ದ್ವೀಪದಂಗೆ ಒಂದಷ್ಟು ಕೋಶ ಅವೆ. ಇನ್ಸುಲಿನ್ ಮಾಡೋವು ಅವೇಯ. ರಕ್ತದಾಗೆ ಸಕ್ಕರೆ ಏರಿದ್ಮೇಲೆ ಎದ್ದು ಕೆಲಸಕ್ಕೆ ಹೋದ್ರೆ ತಡ ಆಗಲ್ವಾ? ಅದಕ್ಕೆ ಕರುಳು ಮುಂಚೇನೇ ಆಳು ಕಳಿಸ್ತದೆ. ನೆಂಟರು ಊರ ಬಾಗಿಲಿಗೆ ಬಂದ್ರು ಅಂತ ಯಾರೋ ಓಡ್ಬಂದು ಹೇಳಿದ್ರೆ ಅಡುಗೆಮನೇಲಿ ಒಲೆ ಹಚ್ಚಲ್ವಾ, ಅಂಗೆ. ಆ ಓಡಿಬರೋ ಆಳೇ ಪೆಪ್ಟೈಡು."

ಅದೇ ಪಾಠವನ್ನು ನಾನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು, ಹೆಸರು ಗುರುತಿಸಿ ಮಾಡುತ್ತಿದ್ದೆ. ಪರೀಕ್ಷೆಯಲ್ಲಿ ಹುಡುಗರು ನನ್ನ ಚಿತ್ರ ಬರೆದು ಅವಳ ನೆಂಟರ ಕಥೆ ಬರೆಯುತ್ತಿದ್ದರು.

ಅವಳ ನಿದ್ದೆಯ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು. ಕಂಬಳಿ ಹಾಸಿ ತಲೆ ಇಟ್ಟಳೆಂದರೆ ಮುಗಿಯಿತು. ನಾನು ಮಗ್ಗುಲು ಬದಲಿಸುತ್ತಾ ನಾಳೆ ಯಾರು ಏನೆಂದಾರು ಎಂದು ಯೋಚಿಸುತ್ತಿರುವಾಗ ಅವಳು ಗೊರಕೆ ಹೊಡೆಯುತ್ತಿದ್ದಳು. ಹಸಿವಿನ ಮೇಲೂ ಅಷ್ಟೆ. ಮುದ್ದೆ ನುಂಗುವಾಗ ಅವಳ ಮುಖದಲ್ಲಿ ಕಾಣುತ್ತಿದ್ದ ಸುಖ ನನಗೆ ಹಬ್ಬದ ಊಟದಲ್ಲೂ ಸಿಕ್ಕಿಲ್ಲ.

ಇಷ್ಟೆಲ್ಲ ಹೇಗೋ ಸಹಿಸಿಕೊಂಡೆ. ಸಹಿಸಲಾಗದ್ದು ಆ ಪುಟ್ಟ ಸೀಸೆಯ ವಿಷಯ.

ನಾವಿಬ್ಬರೂ ಪಾಠದ ಜೊತೆಗೇ ಪಿಎಚ್‌ಡಿಗೆ ಸೇರಿಕೊಂಡಿದ್ದೆವು, ಬೆಂಗಳೂರಿನ ಒಬ್ಬರೇ ಗೈಡಿನ ಹತ್ತಿರ. ಅವರ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು. ನಾಯಿ, ಇಲಿ, ಮನುಷ್ಯರಲ್ಲಿ ಕರುಳಿನ ಪೆಪ್ಟೈಡು ಮೇದೋಜೀರಕದ ಕೋಶಗಳನ್ನು ಎಬ್ಬಿಸುತ್ತದೆ ಎಂಬುದು ಆಗಲೇ ಗೊತ್ತಿತ್ತು. ಆದರೆ ಕುರಿಯ ಕಥೆ ಬೇರೆ. ಅದು ತಿಂದ ಮೇವು ಮೊದಲು ದೊಡ್ಡ ಹೊಟ್ಟೆಯಲ್ಲಿ ಕೊಳೆತು ಹುಳಿಯಾಗುತ್ತದೆ, ಕರುಳಿಗೆ ಸಕ್ಕರೆಯಾಗಿ ಬರುವುದು ಬಹಳ ಕಡಿಮೆ. ಹಾಗಿದ್ದಮೇಲೆ ಕುರಿಯ ಮೇದೋಜೀರಕ ಕರುಳಿನ ಮಾತು ಕೇಳುತ್ತದೆಯೇ? ವಿದೇಶದ ಗೆಳೆಯರೊಬ್ಬರು ಗೈಡಿಗೆ ಹಂದಿಯ ಕರುಳಿನಿಂದ ಶುದ್ಧ ಮಾಡಿದ ಪೆಪ್ಟೈಡನ್ನು ಪುಟ್ಟ ಸೀಸೆಯಲ್ಲಿ ಕಳಿಸಿದ್ದರು. ತಳದಲ್ಲಿ ಬಿಳಿ ಪುಡಿ, ಇದೆಯೋ ಇಲ್ಲವೋ ಎಂಬಷ್ಟು. ಗೈಡು ಅದರಲ್ಲಿ ಚೂರು ತಮಗೆ ಇಟ್ಟುಕೊಂಡು ಉಳಿದದ್ದನ್ನು ಎರಡು ಪಾಲು ಮಾಡಿದರು.

"ಇಬ್ಬರೂ ಮಾಡಿ ನೋಡಿ," ಎಂದರು. "ಯಾರ ಕುರಿ ಉತ್ತರ ಕೊಡುತ್ತೋ ಅವರಿಗೆ ಮುಂದಿನ ಸೀಸೆ. ಪಿಎಚ್‌ಡಿ ಇದೇ ವಿಷಯದ ಮೇಲೆ. ಇನ್ನೊಬ್ಬರಿಗೆ ಕಪ್ಪೆಯ ರಕ್ತಕಣ ಎಣಿಸೋ ಕೆಲಸ ಇದೆ, ಅದೂ ಕೆಟ್ಟದ್ದೇನಲ್ಲ."

ಕಪ್ಪೆಯ ವಿಷಯ ಹೇಳುವಾಗ ಅವರು ನನ್ನ ಮುಖ ನೋಡಿದರು ಎಂದು ಈಗಲೂ ನನ್ನ ಗುಮಾನಿ. ಆ ಮುಂದಿನ ಸೀಸೆ ನನಗೆ ಬೇಕೇಬೇಕಿತ್ತು. ಬಂದ ಗಂಡುಗಳನ್ನೆಲ್ಲ ಓದಿಗಾಗಿ ಬೇಡವೆಂದಿದ್ದೆ. ನಮ್ಮಪ್ಪ ನೆಂಟರ ಮುಂದೆ, ನನ್ನ ಮಗಳು ಯಾರೂ ನೋಡದ್ದನ್ನು ನೋಡುತ್ತಾಳೆ ಎಂದು ಹೇಳಿಕೊಂಡು ತಿರುಗುತ್ತಿದ್ದರು. ಒಂದೇ ಒಂದು ಸಲ, ಯಾವುದಾದರೂ ಒಂದನ್ನು ಎಲ್ಲರಿಗಿಂತ ಮೊದಲು ನಾನು ನೋಡಬೇಕು, ಅಷ್ಟೇ ನನ್ನ ಆಸೆ. ಅವಳಿಗೆ ಇಂಥ ಆಸೆ ಇದ್ದಂತೆ ಕಾಣಲಿಲ್ಲ. ಅವಳು ಹೇಳಿದ್ದು ಇಷ್ಟು: "ನಮ್ಮಪ್ಪನ್ ರೊಪ್ಪದಾಗೆ ಕುರಿ ಅವೆ, ಬಾರೆ, ಇಬ್ರೂ ಅಲ್ಲೇ ಮಾಡನ."

ಹೋದೆವು. ನಾನು ಅದಕ್ಕೆ ಮೊದಲು ನನ್ನ ಗಾಜಿನ ಸಾಮಾನುಗಳನ್ನೆಲ್ಲ ಆಸಿಡ್ಡಿನಲ್ಲಿ ನೆನೆಹಾಕಿ, ಬಟ್ಟಿಯಿಳಿಸಿದ ನೀರಿನಲ್ಲಿ ತೊಳೆದು, ಕುದಿಸಿ, ಒಣಗಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ರಕ್ತ ತೆಗೆಯಲು ಒಂದು ಸಿರಿಂಜು, ಪೆಪ್ಟೈಡಿಗೆ ಬೇರೆ ಸಿರಿಂಜು. ಅವಳು ಒಂದು ಗಾಜಿನ ಸಿರಿಂಜನ್ನು ಕೈಚೀಲದಲ್ಲಿ ಬಾಚಣಿಗೆಯ ಪಕ್ಕ ಹಾಕಿಕೊಂಡಿದ್ದಳು.

ಅವಳ ಅಮ್ಮ ಪಾವಗಡದಾಚೆ ತಿರುಮಣಿ ಕಡೆಯವರು, ಮಾತಿನಲ್ಲಿ ಅರ್ಧ ತೆಲುಗು. "ಏಂ ಅಮ್ಮಾಯಿ, ಅನ್ನಂ ತಿನ್ನಾವಾ? ಬಾ, ಕುಂತ್ಕ," ಎಂದು ನನ್ನ ಕೈಹಿಡಿದು ಕೂರಿಸಿದರು. ಊಟವಾದ ಮೇಲೆ ಕುರಿ ಆರಿಸಲು ಬೇಲಿ ಕಟ್ಟಿದ ರೊಪ್ಪಕ್ಕೆ ಹೋದೆವು. ನಾನು ಎಲ್ಲವನ್ನೂ ನೋಡಿ, ದಷ್ಟಪುಷ್ಟವಾದ, ಸಾಧುವಾಗಿ ನಿಂತಿದ್ದ ಒಂದರ ಕೊರಳಿಗೆ ಕೈಹಾಕಿದೆ. ಇಡೀ ಹಟ್ಟಿಯೇ ಹೋ ಎಂದು ಕೂಗಿಕೊಂಡಿತು. ಅವಳ ದೊಡ್ಡಪ್ಪ ಓಡಿಬಂದು ನಡುವೆ ನಿಂತರು.

"ಬುಡಮ್ಮೋ, ಬುಡು! ಅದು ದೇವ್ರಿಗೆ ಬುಟ್ಟಿರೋ ಮರಿ! ಕಿವಿ ನೋಡ್ಬಾರ್ದಾ?"

ಕಿವಿಯ ತುದಿ ಸೀಳಿತ್ತು. ಅದು ದೇವರಿಗೆ ಮುಡಿಪಿಟ್ಟ ಕುರಿಯ ಗುರುತು, ಅದಕ್ಕೆ ಸೂಜಿ ಸೋಕುವ ಹಾಗಿಲ್ಲ. ಇವಳು ನಗುತ್ತಾ, "ದೇವ್ರ ಸಕ್ಕರೆ ಎಷ್ಟದೆ ಅಂತ ನೋಡಕ್ಕೆ ಬಂದವ್ಳೆ ದೊಡ್ಡಪ್ಪ," ಅಂದಳು. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಒಳಗೆ ಮಾತ್ರ, ಈ ನಗು ನೆನಪಿಟ್ಟುಕೊಳ್ಳುತ್ತೇನೆ ಎಂದುಕೊಂಡೆ. ನೆನಪಿಟ್ಟುಕೊಂಡಿದ್ದೇನೆ.

ಕೆಲಸ ಸುಲಭದ್ದು. ಕುರಿಯ ಕೊರಳ ರಕ್ತನಾಳಕ್ಕೆ ಸಕ್ಕರೆ ನೀರು ಕೊಡುವುದು, ಹಿಂದೆಯೇ ಪೆಪ್ಟೈಡು ಕೊಡುವುದು, ಆಮೇಲೆ ಸ್ವಲ್ಪ ಸ್ವಲ್ಪ ಹೊತ್ತಿಗೆ ರಕ್ತ ತೆಗೆಯುತ್ತಾ ಹೋಗುವುದು. ಕೋಶಗಳು ಎದ್ದು ಇನ್ಸುಲಿನ್ ಬಿಟ್ಟರೆ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ. ಹೋಲಿಸಿ ನೋಡಲು ಇನ್ನೊಂದು ಕುರಿಗೆ ಪೆಪ್ಟೈಡಿನ ಬದಲು ಬರೀ ಉಪ್ಪುನೀರು. ನನ್ನ ಕುರಿಗಳು ಒದ್ದವು, ಸೆರಗು ಹರಿದವು. ಅವಳು ನಾಲಿಗೆಯಲ್ಲಿ ಟುರ್ರ್ ಎಂದು ಅದೇನೋ ಸದ್ದು ಮಾಡಿ ಉಣ್ಣೆ ಸರಿಸಿ ಹೆಬ್ಬೆರಳು ಒತ್ತಿದರೆ ಕುರಿ ತಾನೇ ಕೊರಳು ಕೊಡುತ್ತಿತ್ತು. ಕುರಿಗಳಿಗೂ ಅವಳೇ ಬೇಕು.

ನಾನು ಅವಳನ್ನೇ ನೋಡುತ್ತಿದ್ದೆ. ಮೊದಲು ಸಿರಿಂಜಿನಲ್ಲಿ ರಕ್ತ ಎಳೆದಳು. ರಕ್ತವನ್ನು ಸೀಸೆಗೆ ಹಾಕಿದಳು. ಆಮೇಲೆ ಅದೇ ಸಿರಿಂಜಿನಲ್ಲಿ ಉಪ್ಪುನೀರು ಎಳೆದು, ಆ ಅಮೂಲ್ಯವಾದ ಬಿಳಿ ಪುಡಿಯ ಮೇಲೆ ಬಿಟ್ಟು ಕಲಸಿದಳು. ನೀರು ನಸುಗೆಂಪಾಯಿತು. ಅದನ್ನೇ ಎಳೆದು ಕುರಿಗೆ ಕೊಟ್ಟಳು. ಎಂ.ಎಸ್ಸಿ. ಓದಿದವಳು ಮಾಡುವ ಕೆಲಸವೇ ಇದು! ನಾನು ಏನೂ ಹೇಳಲಿಲ್ಲ. ಹಾಳುಮಾಡಿಕೊಳ್ಳಲಿ, ನನಗೇನು ನಷ್ಟ ಎಂದುಕೊಂಡೆ. ಬಹಳ ದಿನಗಳ ಮೇಲೆ ಅವತ್ತು ನನ್ನ ಮನಸ್ಸು ಹಗುರವಾಗಿತ್ತು.

ರಕ್ತದಲ್ಲಿನ ಸಕ್ಕರೆ ಕೆಡದ ಹಾಗೆ ಔಷಧಿ ಬೆರೆಸಿ, ಸೀಸೆಗಳನ್ನು ಒದ್ದೆ ಮರಳಿನ ಮಡಕೆಯಲ್ಲಿಟ್ಟು ಮಧುಗಿರಿಗೆ ತಂದೆವು. ಆಗಿನ ವಿಧಾನದಲ್ಲಿ ಸಕ್ಕರೆ ಹೆಚ್ಚಿದ್ದರೆ ಕೊಳವೆಯ ನೀರು ಗಾಢ ನೀಲಿಯಾಗುತ್ತದೆ, ಕಡಿಮೆಯಾದಷ್ಟೂ ತಿಳಿ. ಲ್ಯಾಬಿನಲ್ಲಿ ಮರದ ಸ್ಟ್ಯಾಂಡುಗಳಲ್ಲಿ ಕೊಳವೆ ಜೋಡಿಸಿದೆವು. ಯಂತ್ರದಲ್ಲಿ ಅಳೆಯುವುದೇ ಬೇಕಾಗಿರಲಿಲ್ಲ. ಪೆಪ್ಟೈಡು ಕೊಟ್ಟ ಅವಳ ಕುರಿಯ ಸಾಲು ಕಡುನೀಲಿಯಿಂದ ಶುರುವಾಗಿ ಬೇಗಬೇಗ ತಿಳಿಯಾಗುತ್ತಾ ಕೊನೆಗೆ ಬೆಳಗಿನ ಆಕಾಶದ ಬಣ್ಣಕ್ಕೆ ಬಂದಿತ್ತು. ನನ್ನದು ಉಪ್ಪುನೀರು ಕೊಟ್ಟ ಕುರಿಯ ಸಾಲಿನ ಹಾಗೇ ನಿಧಾನ, ಒಂದಿಷ್ಟೂ ವ್ಯತ್ಯಾಸವಿಲ್ಲ.

ನಮ್ಮ ಅಟೆಂಡರು ಎರಡನ್ನೂ ನೋಡಿ, "ನಿಮ್ದ್ಯಾಕೋ ಅಂಗೇ ಐತಲ್ಲ ಮೇಡಂ," ಅಂದ. ಅವನನ್ನು ಸುಮ್ಮನೆ ಹೊರಗೆ ಕಳಿಸಿದೆ.

ಅವಳು ಕೊಳವೆಗಳ ಮುಂದೆ ಮಂಡಿಯೂರಿ ಕೂತಳು. "ಕೇಳ್ತದೆ ಕಣೆ," ಎಂದಳು ಮೆಲ್ಲಗೆ. "ನಮ್ ಕುರೀನೂ ಕರುಳಿನ ಮಾತು ಕೇಳ್ತದೆ." ಕಣ್ಣಲ್ಲಿ ನೀರು. ಆ ಕ್ಷಣಕ್ಕೆ ಭೂಮಿಯ ಮೇಲೆ ಅದನ್ನು ನೋಡಿದವರಲ್ಲಿ ಅವಳು ಮೊದಲನೆಯವಳು, ನಾನು ಎರಡನೆಯವಳು. ನನಗೆ ಎಲ್ಲಾದರೂ ಹೋಗಿ ಕೂಗಾಡಬೇಕು ಅನ್ನಿಸಿತು. ಸಿಂಕಿನ ಹತ್ತಿರ ಹೋಗಿ ತೊಳೆದ ಗಾಜನ್ನೇ ಮತ್ತೆ ತೊಳೆದೆ.

ಇಲ್ಲಿಗೇ ಮುಗಿದಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ. ಆದರೆ ಗೈಡು ತಮ್ಮಲ್ಲಿ ಉಳಿಸಿಕೊಂಡಿದ್ದ ಚೂರನ್ನು ಬೆಂಗಳೂರಿನ ಒಳ್ಳೆಯ ಲ್ಯಾಬಿನಲ್ಲಿ ಇನ್ನೊಂದು ಕುರಿಗೆ ಕೊಟ್ಟು ನೋಡಿದರು. ಏನೂ ಆಗಲಿಲ್ಲ. ನನ್ನ ಕುರಿಯ ಹಾಗೇ ಆಯಿತು. ಅಲ್ಲಿನ ಸಂಶೋಧಕರಲ್ಲಿ ಗುಸುಗುಸು ಎದ್ದಿತು, ಹಳ್ಳಿಯವಳು ಕೊಳವೆ ಅದಲುಬದಲು ಮಾಡಿದ್ದಾಳೆ, ಅಥವಾ ಬೇಕೆಂದೇ ಏನೋ ಬೆರೆಸಿದ್ದಾಳೆ ಎಂದು. ಗೈಡು ನಮ್ಮಿಬ್ಬರನ್ನೂ ಕರೆಸಿದರು. ಕೋಣೆಯ ತುಂಬ ಜನ.

"ನಿಜ ಹೇಳಮ್ಮ," ಎಂದರು ಅವಳಿಗೆ. "ಕೊಳವೆ ಏನಾದರೂ ಆಚೀಚೆ ಆಯ್ತಾ? ತಪ್ಪಾಗೋದು ಸಹಜ. ಆದರೆ ಸುಳ್ಳು ಅಂತಾದರೆ ನಿನ್ನನ್ನ ಇಲ್ಲಿ ಇಟ್ಟುಕೊಳ್ಳಕ್ಕಾಗಲ್ಲ."

"ಇಲ್ಲ ಸಾರ್. ನಾನು ಕಂಡಿದ್ದೇ ಬರ್ದಿದೀನಿ."

"ಹಾಗಾದರೆ ಇವಳಿಗ್ಯಾಕೆ ಬರಲಿಲ್ಲ? ನಮಗ್ಯಾಕೆ ಬರಲಿಲ್ಲ?"

ಅವಳು ತಲೆ ತಗ್ಗಿಸಿ ಹಳದಿ ಬೆರಳುಗಳನ್ನು ನೋಡಿಕೊಳ್ಳುತ್ತಾ ನಿಂತಳು. ಇದೇ ಸಮಯ ಎಂದುಕೊಂಡೆ. ಅವಳ ಕೆಲಸ ಎಂಥ ಗಲೀಜು ಎಂದು ಇವರಿಗೆಲ್ಲ ಗೊತ್ತಾಗಿಹೋಗಲಿ. ಎದ್ದು ನಿಂತೆ.

"ಸಾರ್, ಅವಳು ಸಿರಿಂಜು ತೊಳೆಯೋದೇ ಇಲ್ಲ! ರಕ್ತ ಎಳೆದ ಸಿರಿಂಜಲ್ಲೇ ಪೆಪ್ಟೈಡು ಕಲಸಿದಳು. ನಾನು ಕಣ್ಣಾರೆ ನೋಡಿದೀನಿ!"

ಗೈಡು ಕನ್ನಡಕ ತೆಗೆದರು. "ರಕ್ತ ಇತ್ತಾ ಸಿರಿಂಜಲ್ಲಿ?"

"ನೀರು ಕೆಂಪಗಾಯ್ತು ಸಾರ್!"

ಅವರು ಬೈಯುತ್ತಾರೆ ಎಂದು ಕಾದೆ. ಅವರು ಜೋರಾಗಿ ನಗಲು ಶುರುಮಾಡಿದರು. ಆಮೇಲೆ ನಿಂತಲ್ಲೇ ಎಲ್ಲರಿಗೂ ಬಿಡಿಸಿ ಹೇಳಿದರು. ಪೆಪ್ಟೈಡು ಇಷ್ಟು ಕಡಿಮೆ ಇರುವಾಗ ಶುಭ್ರವಾದ ಗಾಜು ಸಿಕ್ಕರೆ ಹೋಗಿ ಅದಕ್ಕೇ ಅಂಟಿಕೊಳ್ಳುತ್ತದೆ, ನೀರಿನಲ್ಲಿ ಏನೂ ಉಳಿಯುವುದಿಲ್ಲ. ರಕ್ತದಲ್ಲಿರುವ ಪ್ರೋಟೀನು ಮೊದಲೇ ಗಾಜಿನ ಮೇಲೆ ಹರಡಿ ಜಾಗ ಹಿಡಿದುಕೊಂಡಿದ್ದರೆ ಪೆಪ್ಟೈಡಿಗೆ ಅಂಟಲು ಜಾಗವಿರುವುದಿಲ್ಲ, ನೇರವಾಗಿ ಕುರಿಯೊಳಕ್ಕೆ ಹೋಗುತ್ತದೆ. ಹೀಗೆ ಹೇಳಿ ನನ್ನ ಕಡೆ ತಿರುಗಿದರು. "ನೀನು ಕುರಿಗೆ ಕೊಟ್ಟದ್ದೂ ಬರೀ ಉಪ್ಪುನೀರೇ ಕಣಮ್ಮ. ನಾವೂ ಅದನ್ನೇ ಕೊಟ್ವಿ. ನಮ್ಮ ಪೆಪ್ಟೈಡೆಲ್ಲ ಗಾಜಿನ ಮೇಲೆ ಕೂತಿತ್ತು. ಭೇಷ್, ಒಳ್ಳೇದು ಗಮನಿಸಿದೆ!"

ಮುಂದಿನ ಸೀಸೆ ಬಂದಾಗ ಕುರಿಯ ರಕ್ತದ ತಿಳಿಯನ್ನು ಒಂದು ಹನಿ ಬೆರೆಸಿ ಮಾಡಿದರು. ಪ್ರತಿ ಸಲವೂ ಉತ್ತರ ಬಂತು. ಸೀಸೆ ಅವಳದಾಯಿತು, ಪಿಎಚ್‌ಡಿ ಅವಳದಾಯಿತು. ನಾನು ಅಷ್ಟು ಚೆನ್ನಾಗಿ ತೊಳೆಯದೇ ಇದ್ದಿದ್ದರೆ ನನ್ನ ಕುರಿಯೂ ಉತ್ತರ ಕೊಡುತ್ತಿತ್ತು. ಅವಳನ್ನು ಮುಳುಗಿಸಲು ನಾನು ಬಾಯಿ ಬಿಡದೇ ಇದ್ದಿದ್ದರೆ ಅವಳು ಅವತ್ತೇ ಮುಳುಗಿಹೋಗುತ್ತಿದ್ದಳು. ಈ ಎರಡನ್ನೂ ನೆನೆದು ನಾನು ಎಷ್ಟು ಸಲ ಹಲ್ಲು ಕಡಿದಿದ್ದೇನೋ.

ಗೈಡು ಕರೆಸಿದ್ದ ಅವತ್ತು ಬೆಂಗಳೂರಿನಿಂದ ವಾಪಸು ಬರುವಾಗ ಬಸ್ಸು ಕೊರಟಗೆರೆಯಲ್ಲಿ ಕೆಟ್ಟು ನಿಂತಿತು. ಅವಳು ಇಳಿದು ಹೋಗಿ ಇಬ್ಬರಿಗೂ ಟೀ ತಂದಳು. ನನ್ನ ಕೈ ಹಿಡಿದುಕೊಂಡು, "ನೀನು ಬಾಯಿ ಬುಡ್ದೇ ಇದ್ದಿದ್ರೆ ನಾನು ಸುಳ್ಳಿ ಆಗೋಗ್ತಿದ್ದೆ ಕಣೆ. ಉಳಿಸ್ಬುಟ್ಟೆ," ಅಂದಳು. ನಾನು ಟೀ ಕುಡಿಯುತ್ತಾ ಬೆಟ್ಟದ ಕಡೆ ನೋಡಿದೆ.

"ಪೇಪರ್‌ನಾಗೆ ನಿನ್ ಹೆಸ್ರೂ ಹಾಕನ. ಸಾರ್‌ಗೆ ಹೇಳ್ತೀನಿ. ಕುರಿ ನನ್ದು, ಸಿರಿಂಜು ನನ್ದು, ಕಣ್ಣು ನಿನ್ದಲ್ವಾ."

"ಬೇಡ," ಅಂದೆ. "ನನಗೆ ಕಪ್ಪೆ ಇದೆಯಲ್ಲ."

ಅವಳು ಮತ್ತೆ ಮತ್ತೆ ಕೇಳಿದಳು, ನಾನು ಬಗ್ಗಲಿಲ್ಲ. ಅವಳು ದಾನ ಮಾಡಿದ ಹೆಸರು ನನಗೆ ಬೇಕಿರಲಿಲ್ಲ. ಈಗ ಕೇಳಿದರೂ ಬೇಡವೆಂದೇ ಹೇಳುತ್ತೇನೆ. ಕೊನೆಗೆ ಆ ಪ್ರಬಂಧದ ಕೆಳಗೆ ಸಣ್ಣ ಅಕ್ಷರದಲ್ಲಿ ನನಗೆ ಕೃತಜ್ಞತೆ ಹೇಳಿದ್ದರು.

ನಾನು ಕಪ್ಪೆಯ ರಕ್ತಕಣ ಎಣಿಸಿ ಡಾಕ್ಟರೇಟ್ ಪಡೆದೆ. ಯಾರೂ ಅದರ ಬಗ್ಗೆ ಏನೂ ಕೇಳಲಿಲ್ಲ. ಆಮೇಲೆ ತಡವಾಗಿ ಮದುವೆಯೂ ಆದೆ. ಎಂಬತ್ತರ ಮೊದಲಲ್ಲಿ ಅವಳಿಗೆ ಶಿರಾದ ಕಾಲೇಜಿಗೆ ವರ್ಗವಾಯಿತು. ಮಧುಗಿರಿಗೆ ಬಂದಾಗೆಲ್ಲ ಹೇಳದೆ ಕೇಳದೆ ನಮ್ಮ ಮನೆಗೆ ಬರುತ್ತಿದ್ದಳು. ಚಪ್ಪಲಿ ಎಲ್ಲೋ ಬಿಟ್ಟು, ಕಾಲಿನ ಧೂಳಿನಲ್ಲೇ ಒಳಗೆ ಬಂದು, ನೆಲದ ಮೇಲೆ ಕೂತು ತಟ್ಟೆ ಎಳೆದುಕೊಳ್ಳುವಳು. ಫಳಫಳ ಹೊಳೆಯುವ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡುವಳು. "ಇಷ್ಟು ತೊಳ್ದಿದೀಯಲ್ಲೇ, ಸಾರೆಲ್ಲ ತಟ್ಟೇಗೇ ಅಂಟ್ಕಂಡ್ಬುಡ್ತು ನೋಡು. ನನ್ ಹೊಟ್ಟೆಗೆ ಏನೂ ಹೋಗ್ಲಿಲ್ಲ. ಇನ್ನೊಂದ್ ಸೌಟು ಹಾಕು." ಇದೇ ಮಾತು ಪ್ರತಿ ಸಲವೂ. ನನ್ನ ಗಂಡನಿಗೆ ಅದನ್ನು ಕೇಳಿದಾಗೆಲ್ಲ ಮೊದಲ ಸಲ ಕೇಳಿದಷ್ಟೇ ನಗು. ಅವಳು ಹೋದ ಮೇಲೆ ಮನೆ ಖಾಲಿಯಾದಂತಾಗುತ್ತಿತ್ತು, ಅದಕ್ಕೂ ನನಗೆ ಸಿಟ್ಟು ಬರುತ್ತಿತ್ತು.

ಅವಳು ಸತ್ತಾಗ ಹಟ್ಟಿಗೆ ಹೋಗಿದ್ದೆ. ಕುರಿ ಕಾಯುವವರು, ಹಳೆಯ ವಿದ್ಯಾರ್ಥಿಗಳು, ಶಿರಾದ ಕಸಾಯಿ ಅಂಗಡಿಯವರ ಮಗ, ಕಾರುಗಳಲ್ಲಿ ಬಂದ ದೊಡ್ಡ ಅಧಿಕಾರಿಗಳು, ಕಾಲಿಡಲು ಜಾಗವಿರಲಿಲ್ಲ. ನನ್ನ ಸಾವಿಗೆ ಇದರ ಕಾಲುಭಾಗವೂ ಜನ ಬರುವುದಿಲ್ಲ ಎಂದು ಯೋಚಿಸುತ್ತಾ ನಿಂತಿದ್ದೆ. ಅಷ್ಟು ಹೊತ್ತಿನಲ್ಲೂ ನನಗೆ ಸಮಾಧಾನ ಕೊಟ್ಟದ್ದು ಒಂದೇ ವಿಷಯ. ಅವಳಿಗೆ ಕುರಿ ಅರ್ಥವಾಗುತ್ತಿತ್ತು, ಮನುಷ್ಯರು ಅರ್ಥವಾಗುತ್ತಿರಲಿಲ್ಲ. ಚಾಡಿ ಹೇಳಲು ಎದ್ದವಳನ್ನು ಕಾಪಾಡಲು ಎದ್ದವಳೆಂದು ನಂಬಿ ಕೊನೆತನಕ ಸಾರು ಬಡಿಸಿಕೊಂಡ ಪೆದ್ದಿ. ಇದೊಂದರಲ್ಲಿ ನಾನು ಅವಳಿಗಿಂತ ಮೇಲು. ಈ ಒಂದನ್ನು ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ.

ಮೊನ್ನೆ ಮತ್ತೆ ಡಾಕ್ಟರ ಹತ್ತಿರ ಹೋದೆ. ಸಕ್ಕರೆ ಇಳಿದಿತ್ತು. ಅವರಿಗೆ ಖುಷಿಯಾಗಿ ಮಾತಿಗೆಳೆದರು.

"ಏನು ಕೆಲಸ ಮಾಡ್ತಿದ್ರಿ ಅಮ್ಮ?"

"ಇಲ್ಲೇ ಕಾಲೇಜಿನಲ್ಲಿ. ಪ್ರಾಣಿಶಾಸ್ತ್ರ," ಎಂದೆ. "ಕುರಿ ಮೇದೋಜೀರಕದ ಮೇಲೂ ಸ್ವಲ್ಪ ಕೆಲಸ ಮಾಡಿದ್ದೆ."

ಅವರ ಕೈಯಲ್ಲಿದ್ದ ಪೆನ್ನು ನಿಂತಿತು. ನನ್ನ ಮುಖ ನೋಡಿದರು, ಕೈ ನೋಡಿದರು.

"ಅಮ್ಮ, ನೀವು... ಸೋಪಿನ ಮೇಡಮ್ಮಾ?"

ಎದ್ದು ನಿಂತೇಬಿಟ್ಟರು. ತಾವು ಪಾವಗಡದ ಕಡೆಯವರೆಂದೂ, ಶಿರಾದಲ್ಲಿ ಕುರಿ ಮೇಡಂ ಹತ್ತಿರ ಓದಿದವರೆಂದೂ, ಡಾಕ್ಟರಾಗಿದ್ದೇ ಅವರ ಪಾಠ ಕೇಳಿ ಎಂದೂ ಒಂದೇ ಉಸಿರಿಗೆ ಹೇಳಿದರು. "ಪ್ರತಿ ವರ್ಷ ಮೇದೋಜೀರಕದ ಪಾಠ ಬಂದ್ರೆ ನಿಮ್ಮ ಕಥೆ ಇದ್ದೇ ಇರ್ತಿತ್ತು ಮೇಡಂ. ಪಕ್ಕದ ಕ್ಲಾಸಿನೋರೂ ಬಂದು ಕಿಟಕೀಲಿ ನಿಲ್ಲೋರು."

"ನನ್ನದೇನು ಕಥೆ?"

ಡಾಕ್ಟರು ಒಂದು ಕೈಯಲ್ಲಿ ಇಲ್ಲದ ಸೆರಗನ್ನು ಎಳೆದುಕೊಂಡರು, ಕತ್ತು ನೆಟ್ಟಗೆ ಮಾಡಿದರು, ಬೆರಳು ಎತ್ತಿ ತೋರಿಸಿದರು.

"ಸಾರ್, ಅವಳು ಸಿರಿಂಜು ತೊಳೆಯೋದೇ ಇಲ್ಲ!"

ನನ್ನ ದನಿ. ನನ್ನ ಅವತ್ತಿನ ವಯಸ್ಸಿನ ಕೀರಲು ದನಿ, ಅದರೊಳಗಿನ ವಿಷ ಒಂದು ತೊಟ್ಟೂ ಕಡಿಮೆಯಾಗಿರಲಿಲ್ಲ. ಅವಳು ಮಾಡಿ ತೋರಿಸಿದ್ದನ್ನು ಇವರು ಕಲಿತಿದ್ದರು. ಪೆದ್ದಿಯಾಗಿದ್ದರೆ ಆ ದನಿ ಅವಳಿಗೆ ಸಿಗುತ್ತಿರಲಿಲ್ಲ.

"ಚಾಡಿ ಹೇಳಕ್ಕೆ ಎದ್ದವಳು ಅಂತ ಹೇಳ್ತಿದ್ದಳಾ?" ಎಂದೆ.

ಡಾಕ್ಟರು ಮುಜುಗರಪಟ್ಟರು. "ತಮಾಷೆಗೆ ಹೇಳೋರು ಮೇಡಂ, ತಪ್ಪು ತಿಳ್ಕೋಬೇಡಿ. ಕ್ಲಾಸೆಲ್ಲ ನಗೋದು. ನಕ್ಕು ಮುಗಿದ್ಮೇಲೆ ಒಂದು ಮಾತು ಹೇಳೋರು. 'ನಗ್ಬೇಡ್ರಲಾ. ನನ್ ಕೈಯನ್ನ ಅಷ್ಟು ಕಣ್ಣಿಟ್ಟು ನೋಡಿದೋಳು ಅವಳೊಬ್ಳೇ ಕಣ್ರಲಾ. ನಮ್ಮವ್ವನೂ ಅಂಗೆ ನೋಡ್ಲಿಲ್ಲ' ಅಂತ."

ಆಟೋದಲ್ಲಿ ಮನೆಗೆ ಬಂದೆ. ಹಾಗಾದರೆ ಕೊರಟಗೆರೆಯ ಬಸ್ಸಿನಲ್ಲೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಟೀ ತಂದುಕೊಟ್ಟಳು. ಗೊತ್ತಿದ್ದೇ ಅಷ್ಟು ವರ್ಷ ನನ್ನ ತಟ್ಟೆ ತಿರುಗಿಸಿ ನೋಡಿ ಇನ್ನೊಂದು ಸೌಟು ಕೇಳಿದಳು. ನನಗೆಂದು ಇದ್ದ ಒಂದೇ ಒಂದನ್ನೂ ಸತ್ತ ಮೇಲೆ ಬಂದು ತೆಗೆದುಕೊಂಡು ಹೋದಳು. ಜಗಳ ಆಡೋಣವೆಂದರೆ ಈಗ ಎಲ್ಲಿ ಹುಡುಕಲಿ.

ಇಂಜೆಕ್ಷನ್ನಿನ ದಿನ ಅದು. ಕೈ ತೊಳೆಯಲು ನಲ್ಲಿ ಬಿಟ್ಟವಳು ಹಾಗೇ ನಿಂತುಕೊಂಡೆ, ಅಳು ಬಂತು. ನಾನು ಇಷ್ಟೊಂದು ತೊಳೆಯುವುದನ್ನು ಕಣ್ಣಿಟ್ಟು ನೋಡಿದವಳೂ ಅವಳೊಬ್ಬಳೇ.